ತಳಿ ಕಾದವರಿಗೆ ಸಲ್ಲಬೇಕಾದ ಪದಕ: ಸೇನಾ ಪಾರಿವಾಳದಿಂದ ಅಮೃತಮಹಲ್ ಕಾವಲಿನವರೆಗೆ



ಪದಕ ಎಂದೊಡನೆ ನಮಗೆ ಯೋಧ ನೆನಪಾಗುತ್ತಾನೆ. ರಣರಂಗದಲ್ಲಿ ಪ್ರಾಣದ ಹಂಗು ತೊರೆದವನಿಗೆ ನಾಡು ಕೊಡುವ ಗುರುತು ಅದು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ಕೆಲವು ದೇಶಗಳ ಯುದ್ಧ ಮಂತ್ರಾಲಯಗಳು ಇನ್ನೊಂದು ಬಗೆಯ ಪದಕವನ್ನೂ ಕೊಡತೊಡಗಿದವು. ಅದನ್ನು ಪಡೆಯಲು ಕೋವಿ ಹಿಡಿಯಬೇಕಿರಲಿಲ್ಲ, ಗಡಿಗೆ ಹೋಗಬೇಕಿರಲಿಲ್ಲ. ಮನೆಯ ಅಟ್ಟದ ಮೇಲಿನ ಗೂಡಿನಲ್ಲಿ ಸಂದೇಶ ಒಯ್ಯುವ ಪಾರಿವಾಳಗಳನ್ನು ಸಾಕಿ, ಅವುಗಳ ತಳಿಯನ್ನು ಉತ್ತಮಪಡಿಸಿದವರಿಗೆ ಆ ಪದಕ ಸಲ್ಲುತ್ತಿತ್ತು.

ಈ ಪದಕಗಳ ಹಿಂದಿದ್ದ ತತ್ತ್ವವನ್ನು ನಿಮ್ಮ ಮುಂದಿಡುವುದು ಈ ಉಪನ್ಯಾಸದ ಮೊದಲ ಉದ್ದೇಶ. ಅದೇ ಅಳತೆಗೋಲಿನಿಂದ ನಮ್ಮ ನಾಡಿನ ಚರಿತ್ರೆಯನ್ನು ನೋಡುವುದು ಎರಡನೆಯದು. ಮೈಸೂರಿನ ಸೇನೆಗಳ ಫಿರಂಗಿ ಎಳೆದ, ಕಾಳು ಹೊತ್ತ ದನಗಳ ತಳಿಯನ್ನು ಕಾದವರಿಗೆ ಏನು ಸಂದಿತು? ಕೊಳ್ಳೇಗಾಲ, ಹನೂರು ಸೀಮೆಯ ಬೆಟ್ಟಗಳಲ್ಲಿ ದೊಡ್ಡಿ ಕಟ್ಟಿಕೊಂಡು ದನದ ಬೀಜ ಉಳಿಸಿದವರಿಗೆ ಏನು ಸಲ್ಲಬೇಕು? ನನ್ನ ಮಾತು ಇಷ್ಟೇ: ಸಾಹಸಕ್ಕೆ ಪದಕ ಕೊಡುವ ನಾಡು, ಆ ಸಾಹಸವನ್ನು ಸಾಧ್ಯವಾಗಿಸಿದ ತಳಿಯನ್ನು ಕಾದವರಿಗೂ ಗೌರವ ಸಲ್ಲಿಸದಿದ್ದರೆ, ಆ ತಳಿಯನ್ನೇ ಕಳೆದುಕೊಳ್ಳುತ್ತದೆ.

ಮೊದಲು ಪಾರಿವಾಳದ ಕತೆಯನ್ನು ನೋಡೋಣ. 1870ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ ನಗರವನ್ನು ಸುತ್ತುವರಿಯಿತು. ತಂತಿಗಳು ಕಡಿದುಹೋದವು, ದಾರಿಗಳು ಮುಚ್ಚಿದವು. ನಗರದವರು ಬಲೂನುಗಳಲ್ಲಿ ಪಾರಿವಾಳಗಳನ್ನು ಹೊರಗೆ ಕಳಿಸಿದರು. ಹೊರಗಿನಿಂದ ಪತ್ರಗಳನ್ನು ಹೊತ್ತು ಅವು ಮರಳಿ ತಮ್ಮ ಗೂಡಿಗೆ ಬರಬೇಕಾಗಿತ್ತು. ರೆನೆ ದಾಗ್ರೋನ್ ಎಂಬ ಛಾಯಾಗ್ರಾಹಕ ಪತ್ರಗಳನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿಸಿ ತೆಳುವಾದ ಪೊರೆಯ ಮೇಲೆ ಮೂಡಿಸುವ ವಿಧಾನ ಬಳಸಿದ್ದರಿಂದ ಒಂದೊಂದು ಹಕ್ಕಿ ಸಾವಿರಾರು ಸಂದೇಶಗಳನ್ನು ತರಬಲ್ಲದಾಯಿತು. ಚಳಿಗಾಲದ ಮಂಜು, ಗಿಡುಗ, ಗುಂಡು ಇವೆಲ್ಲವನ್ನೂ ದಾಟಿ ನಗರ ಮುಟ್ಟಿದವು ಕೆಲವೇ. ಹೊರಗಿನಿಂದ ಹಾರಿಬಿಟ್ಟ ಮುನ್ನೂರಕ್ಕೂ ಹೆಚ್ಚು ಹಕ್ಕಿಗಳಲ್ಲಿ ಅರುವತ್ತರಷ್ಟು ಮಾತ್ರ ಹಿಂದಿರುಗಿದವು ಎಂದು ಆ ಮುತ್ತಿಗೆಯ ಇತಿಹಾಸ ಬರೆದವರು ಹೇಳುತ್ತಾರೆ. ಅಷ್ಟರಿಂದಲೇ ಯುರೋಪಿನ ಸೇನಾಧಿಪತಿಗಳು ಪಾಠ ಕಲಿತರು. ಮುಂದಿನ ಎರಡು ದಶಕಗಳಲ್ಲಿ ಹಲವು ದೊಡ್ಡ ಸೇನೆಗಳು ಪಾರಿವಾಳದ ಗೂಡುಗಳನ್ನು ಕಟ್ಟಿಸಿದವು.

ಇಲ್ಲಿ ಒಂದು ತೊಡಕು ಎದುರಾಯಿತು. ಫಿರಂಗಿಯನ್ನು ಕಾರ್ಖಾನೆಯಲ್ಲಿ ಎರಕ ಹೊಯ್ಯಬಹುದು. ಮುನ್ನೂರು, ನಾನೂರು ಮೈಲಿ ದೂರದಿಂದ ತಪ್ಪದೆ ಗೂಡಿಗೆ ಮರಳುವ ಹಕ್ಕಿಯನ್ನು ಆಜ್ಞೆ ಹೊರಡಿಸಿ ಪಡೆಯಲಾಗದು. ದೂರದಿಂದ ಮರಳಿದ ಹಕ್ಕಿಗಳನ್ನೇ ಆಯ್ದು ಜೋಡಿ ಮಾಡಬೇಕು. ಮರಿಗಳನ್ನು ಮೊದಲು ಕೆಲವು ಮೈಲಿ, ಆಮೇಲೆ ಹತ್ತಾರು ಮೈಲಿ, ಆಮೇಲೆ ನೂರಾರು ಮೈಲಿ ಹಾರಿಸಿ ಪರೀಕ್ಷಿಸಬೇಕು. ಯಾವ ಜೋಡಿಯ ಮರಿ ಯಾವುದು ಎಂಬುದನ್ನು ವರ್ಷಗಟ್ಟಲೆ ಬರೆದಿಡಬೇಕು. ಈ ವಿದ್ಯೆ ಸೇನೆಯ ಬಳಿ ಇರಲಿಲ್ಲ. ಬೆಲ್ಜಿಯಂ, ಉತ್ತರ ಫ್ರಾನ್ಸ್ ಮತ್ತು ಜರ್ಮನಿಯ ಗಣಿ ಊರುಗಳ ಸಾಮಾನ್ಯ ಮನೆಗಳಲ್ಲಿ ಅದು ಹವ್ಯಾಸವಾಗಿ ಬೆಳೆದಿತ್ತು. ಆದ್ದರಿಂದ ಸರ್ಕಾರಗಳು ಆ ಮನೆಗಳ ಬಾಗಿಲಿಗೆ ಹೋದವು. ಜರ್ಮನಿಯಲ್ಲಿ 1884ರಲ್ಲಿ ಸಾಕಣೆದಾರರ ಸಂಘಗಳೆಲ್ಲ ಸೇರಿ ಒಕ್ಕೂಟವಾಯಿತು. ಸಂದೇಶ ಪಾರಿವಾಳಗಳ ರಕ್ಷಣೆಗೆಂದೇ 1894ರಲ್ಲಿ ಅಲ್ಲಿ ಕಾನೂನು ಬಂತು. ಫ್ರಾನ್ಸ್ 1896ರಲ್ಲಿ ತನ್ನದೇ ಕಾನೂನು ಮಾಡಿತು. ಇದರ ಜೊತೆಜೊತೆಗೆ ಯುದ್ಧ ಮಂತ್ರಾಲಯಗಳು ದೂರದ ಹಾರಾಟದ ಸ್ಪರ್ಧೆಗಳಿಗೆ ಪದಕಗಳನ್ನು ಇಟ್ಟವು.

ಈ ಪದಕದ ಅರ್ಥವನ್ನು ಬಿಡಿಸಿ ನೋಡಬೇಕು. ಶೌರ್ಯದ ಪದಕ ಒಂದು ಕ್ಷಣವನ್ನು ಗೌರವಿಸುತ್ತದೆ. ತಳಿಯ ಪದಕ ಗೌರವಿಸುವುದು ಅನೇಕ ವರ್ಷಗಳ ತಾಳ್ಮೆಯನ್ನು. ಶೌರ್ಯದ ಪದಕ ಯುದ್ಧ ನಡೆದ ಮೇಲೆ ಬರುತ್ತದೆ; ತಳಿಯ ಪದಕವನ್ನು ಯುದ್ಧಕ್ಕಿಂತ ಮುಂಚೆ, ಶಾಂತಿಯ ಕಾಲದಲ್ಲೇ ಕೊಡಬೇಕಾಗುತ್ತದೆ, ಏಕೆಂದರೆ ಯುದ್ಧ ಸಾರಿದ ದಿನ ತಳಿ ಬೆಳೆಸಲು ಹೊರಟರೆ ಕಾಲ ಮಿಂಚಿರುತ್ತದೆ. ಈ ಗೌರವದ ಜೊತೆಗೆ ಹಿಡಿತವೂ ಇತ್ತು ಎಂಬುದನ್ನು ಮರೆಮಾಚಬಾರದು. ಕಾನೂನು ಹಕ್ಕಿಗೆ ರಕ್ಷಣೆ ಕೊಟ್ಟಂತೆ ಸಾಕಿದವನನ್ನು ಸರ್ಕಾರದ ಲೆಕ್ಕಕ್ಕೂ ಸೇರಿಸಿತು. ಆದರೂ ಸಾಮಾನ್ಯನೊಬ್ಬನ ಮನೆಯೊಳಗಿನ ಜ್ಞಾನ ದೇಶದ ಆಸ್ತಿ ಎಂದು ಸರ್ಕಾರವೊಂದು ಲೋಹದ ಮೇಲೆ ಅಚ್ಚೊತ್ತಿ ಒಪ್ಪಿಕೊಂಡದ್ದು ದೊಡ್ಡ ಮಾತು.

ಮುಂದೆ ಬಂದ ಮಹಾಯುದ್ಧಗಳಲ್ಲಿ ಕೀರ್ತಿ ಹಕ್ಕಿಗಳ ಕಡೆ ಹೊರಳಿತು. 1916ರ ಜೂನ್‌ನಲ್ಲಿ ವರ್ಡನ್ ಬಳಿಯ ವೋ ಕೋಟೆಯಿಂದ ಕಮಾಂಡರ್ ರೇನಾಲ್ ಹಾರಿಸಿದ ಕೊನೆಯ ಪಾರಿವಾಳಕ್ಕೆ ಫ್ರಾನ್ಸ್ ಸೇನಾ ಗೌರವ ಸಲ್ಲಿಸಿತು. 1918ರಲ್ಲಿ ಆರ್ಗಾನ್ ಕಾಡಿನಲ್ಲಿ ಸಿಕ್ಕಿಬಿದ್ದ ಅಮೆರಿಕದ ಪಡೆಯ ಸಂದೇಶ ತಂದ ಶೆರ್ ಅಮಿ ಎಂಬ ಪಾರಿವಾಳ ಮನೆಮಾತಾಯಿತು. 1943ರಲ್ಲಿ ಮರಿಯಾ ಡಿಕಿನ್ ಬ್ರಿಟನ್ನಿನಲ್ಲಿ ಪ್ರಾಣಿಗಳಿಗಾಗಿ ಸ್ಥಾಪಿಸಿದ ಪದಕ 1949ರವರೆಗೆ 54 ಪ್ರಾಣಿಗಳಿಗೆ ಸಂದಿತು. ಅವುಗಳಲ್ಲಿ 32 ಪಾರಿವಾಳಗಳು. ಅದೇ ಯುದ್ಧದಲ್ಲಿ ಬ್ರಿಟನ್ನಿನ ಖಾಸಗಿ ಸಾಕಣೆದಾರರು ಸುಮಾರು 2 ಲಕ್ಷ ಹಕ್ಕಿಗಳನ್ನು ಸೇವೆಗೆ ಒಪ್ಪಿಸಿದ್ದರು. ಪದಕ ಪಡೆದ ಹಕ್ಕಿಗಳ ಹೆಸರುಗಳು ಇಂದಿಗೂ ಪುಸ್ತಕಗಳಲ್ಲಿವೆ. ಅವನ್ನು ಸಾಕಿ ಕೊಟ್ಟವರ ಹೆಸರು ಹುಡುಕಬೇಕಾಗಿದೆ. ನಮ್ಮ ದೇಶದಲ್ಲೂ ಈ ಪರಂಪರೆಯ ಒಂದು ಎಳೆ ಉಳಿದಿದೆ. 1946ರಲ್ಲಿ ಸೇನೆಯಿಂದ ಪಡೆದ ಪಾರಿವಾಳಗಳೊಂದಿಗೆ ಒಡಿಶಾ ಪೊಲೀಸರು ಪಾರಿವಾಳ ಅಂಚೆ ಆರಂಭಿಸಿದರು. 1999ರ ಮಹಾಚಂಡಮಾರುತದಲ್ಲಿ ಸಂಪರ್ಕ ಕಡಿದಾಗಲೂ ಆ ಹಕ್ಕಿಗಳು ಕೆಲಸಕ್ಕೆ ಬಂದವು.

ಸಹೃದಯರೆ, ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನ ಸೇನೆ ನಂಬಿದ್ದು ಎತ್ತುಗಳನ್ನು. ಹಳೆಯ ಮೈಸೂರಿನಲ್ಲಿ ಈ ಎತ್ತುಗಳಿಗಾಗಿ ಬೆಳೆದ ವ್ಯವಸ್ಥೆ ಯುರೋಪಿನ ಪಾರಿವಾಳದ ಗೂಡುಗಳಿಗಿಂತ ಸುಮಾರು ಎರಡು ಶತಮಾನ ಹಳೆಯದು. ವಿಜಯನಗರದ ಪ್ರತಿನಿಧಿಗಳು ಹಳ್ಳಿಕಾರ್ ತಳಿಯ ಹಸುಗಳನ್ನು ತರಿಸಿ ಶ್ರೀರಂಗಪಟ್ಟಣದಲ್ಲಿ ಕರುಹಟ್ಟಿ ಕಟ್ಟಿದರೆಂದೂ, ಒಡೆಯರ ಕಾಲದಲ್ಲಿ ಆ ಹಿಂಡಿಗೆ ಕಾವಲು ಎಂಬ ಹುಲ್ಲುಗಾವಲುಗಳನ್ನು ಬಿಟ್ಟುಕೊಟ್ಟರೆಂದೂ ಮೈಸೂರಿನ ಗ್ಯಾಸೆಟಿಯರುಗಳು ಹೇಳುತ್ತವೆ. ಚಿಕ್ಕದೇವರಾಜ ಒಡೆಯರು ಇದನ್ನು ಬೆಣ್ಣೆ ಚಾವಡಿ ಎಂಬ ಇಲಾಖೆಯಾಗಿ ರೂಪಿಸಿದರು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿ ಇವುಗಳ ಎತ್ತುಗಳನ್ನು ಸೇನೆಗೆ ದೊಡ್ಡ ಪ್ರಮಾಣದಲ್ಲಿ ಬಳಸಿದ. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಹಿಂಡುಗಳ ಪಾಲನೆಗೆ ಹುಕುಂನಾಮೆ ಎಂಬ ಆಜ್ಞಾಪತ್ರ ಹೊರಡಿಸಿದ.

ಈ ವ್ಯವಸ್ಥೆಯ ಒಳಗುಟ್ಟು ಕಾವಲುಗಳಲ್ಲಿತ್ತು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಋತುವಿಗೆ ತಕ್ಕಂತೆ ಹಿಂಡನ್ನು ನಡೆಸುತ್ತಿದ್ದರು. ದನಗಳು ಬಯಲಿನಲ್ಲೇ ಹುಟ್ಟಿ, ಬಯಲಿನಲ್ಲೇ ಬೆಳೆಯುತ್ತಿದ್ದವು. ಕೊಟ್ಟಿಗೆಯ ಮೇವಿಲ್ಲದೆ, ಬರದ ವರ್ಷದಲ್ಲೂ ನಡೆದು ಬದುಕಿದವು ಮಾತ್ರ ಮುಂದಿನ ತಲೆಮಾರಿಗೆ ತಾಯಿತಂದೆಯಾದವು. ಯಾವ ಹೋರಿಯನ್ನು ಬೀಜಕ್ಕೆ ಉಳಿಸಬೇಕು, ಯಾವುದರ ಬೀಜ ಒಡೆದು ಎತ್ತು ಮಾಡಬೇಕು ಎಂಬ ತೀರ್ಮಾನ ಹಿಂಡಿನ ಜೊತೆ ನಡೆದವರ ಕಣ್ಣಿನ ಮೇಲೆ ನಿಂತಿತ್ತು. ಕೊಂಬು, ಗೊರಸು, ನಡಿಗೆ, ಸುಳಿ ನೋಡಿ ದನದ ಯೋಗ್ಯತೆ ಹೇಳುವ ಕಣ್ಣು ಅದು. ಹೀಗೆ ಕಾವಲಿನ ನೆಲವೂ ಕಾಯುವವರ ಕಣ್ಣೂ ಸೇರಿ ವೇಗವಾಗಿ, ದೂರ ನಡೆಯಬಲ್ಲ ಎತ್ತನ್ನು ರೂಪಿಸಿದವು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದನ್ನು ದಾಖಲಿಸಿದ ಬ್ರಿಟಿಷ್ ಲೇಖಕರು ಅದರ ಶ್ರೇಯಸ್ಸನ್ನು ಈ ಎತ್ತುಗಳಿಗೇ ಕೊಟ್ಟಿದ್ದಾರೆ.

ಈ ಎತ್ತುಗಳ ಬೆಲೆ ತಿಳಿಯಬೇಕಾದರೆ ಅವು ಇಲ್ಲದ ಸೇನೆಗೆ ಏನಾಯಿತೆಂದು ನೋಡಬೇಕು. 1791ರ ಮೇ ತಿಂಗಳಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದ. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನ ಕೈಯೇ ಮೇಲಾಗಿತ್ತು. ಆದರೆ ಮೇವಿಲ್ಲದೆ, ರೋಗ ಬಡಿದು ಅವನ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲು ತಂದಿದ್ದ ಭಾರಿ ಫಿರಂಗಿಗಳನ್ನು ಎಳೆಯುವ ಎತ್ತುಗಳಿಲ್ಲದೆ, ಅವನ್ನು ತಾನೇ ನಾಶ ಮಾಡಿ ಹಿಂದೆ ಸರಿಯಬೇಕಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಮೃತಮಹಲ್ ಹಿಂಡುಗಳು ಇಂಗ್ಲಿಷರ ವಶಕ್ಕೆ ಬಂದವು. ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾದವನು, 1800ರಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗ ಅವನ ಸೇನೆಯ ವೇಗಕ್ಕೆ ಮೈಸೂರಿನ ಎತ್ತುಗಳೇ ಆಧಾರವಾಗಿದ್ದವು. ಸ್ಪೇನಿನ ಯುದ್ಧಭೂಮಿಯಲ್ಲೂ ಅವನು ಈ ಎತ್ತುಗಳನ್ನು ನೆನೆದನೆಂದು ಗ್ಯಾಸೆಟಿಯರುಗಳು ಬರೆದಿವೆ.

ವೆಲಿಂಗ್ಟನ್‌ಗೆ ಬಿರುದುಗಳು ಬಂದವು, ಪದಕಗಳು ಬಂದವು. ಎತ್ತಿನ ತಳಿಗೆ ಕೀರ್ತಿ ಬಂತು. ಹಿಂಡಿನ ಹಿಂದೆ ಬಿಸಿಲಲ್ಲಿ ನಡೆದ ಕಾವಲಿನವರಿಗೆ ಸಂಬಳ ಬಂದಿರಬೇಕು. ಇಲಾಖೆಯ ಚರಿತ್ರೆಯಲ್ಲಿ ನಾವು ಓದುವುದು ಅರಸರ ಹೆಸರನ್ನು, 1813ರಲ್ಲಿ ಹಿಂಡಿನ ಹೊಣೆ ಹೊತ್ತ ಕ್ಯಾಪ್ಟನ್ ಹಾರ್ವೆಯಂಥ ಅಧಿಕಾರಿಗಳ ಹೆಸರನ್ನು. ಯಾವ ಗೊಲ್ಲನ, ಹಳ್ಳಿಕಾರ ಸಮುದಾಯದ ಯಾವ ದನಗಾಹಿಯ ಆಯ್ಕೆಯಿಂದ ಯಾವ ಹೋರಿಯ ವಂಶ ಬೆಳೆಯಿತು ಎಂಬುದು ಆ ಚರಿತ್ರೆಯ ಮುಖ್ಯ ಪುಟಗಳಿಗೆ ಏರಲಿಲ್ಲ.

ಕಾಯುವವರ ಜ್ಞಾನಕ್ಕೆ ಬೆಲೆ ಕಟ್ಟದ ಆಡಳಿತ ಏನು ಮಾಡಬಲ್ಲದು ಎಂಬುದನ್ನು 1860 ತೋರಿಸಿತು. ಖರ್ಚು ಉಳಿಸುವ ನೆಪದಲ್ಲಿ ಮದ್ರಾಸ್ ಸರ್ಕಾರ ಅಮೃತಮಹಲ್ ಹಿಂಡುಗಳನ್ನು ಮಾರಿಹಾಕಿತು. ಒಂದು ಪಾಲು ಈಜಿಪ್ಟಿನ ಪಾಷಾನ ವಶವಾಯಿತು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಯಿತು. ಸೇನೆಗೆ ಯೋಗ್ಯವಾದ ಎತ್ತು ಸಿಗುವುದು ದುಸ್ತರವಾಯಿತು. 1866ರ ಹೊತ್ತಿಗೆ ಮೈಸೂರಿನಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಹೀಗೆ ಕಟ್ಟಲು ಸಾಧ್ಯವಾದದ್ದು, ರೈತರ ಮತ್ತು ದನಗಾಹಿಗಳ ಮನೆಗಳಲ್ಲಿ ಅದೇ ರಕ್ತದ ರಾಸುಗಳು ಉಳಿದಿದ್ದರಿಂದ. ಸರ್ಕಾರ ಚೆಲ್ಲಿದ್ದನ್ನು ಜನ ಕಾದಿದ್ದರು.

ಕಾವಲುಗಳಿಗೂ ಇದೇ ಗತಿ ಬಂತು. ಅಜ್ಜಂಪುರ, ಬೀರೂರಿನ ಕಡೆ ಸರ್ಕಾರದ ಅಮೃತಮಹಲ್ ಹಿಂಡು ಇಂದಿಗೂ ಇದೆ; ಅಲ್ಲಿನ ಹೋರಿಕರುಗಳ ಹರಾಜಿಗೆ ರೈತರು ದೂರದಿಂದ ಬರುತ್ತಾರೆ. ಆದರೆ ಕಾವಲುಗಳ ಬಹುಪಾಲು ಬೇರೆ ಬೇರೆ ಉದ್ದೇಶಗಳಿಗೆ ಕರಗಿಹೋಗಿದೆ. ಚಳ್ಳಕೆರೆಯ ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ಈ ಶತಮಾನದಲ್ಲೇ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಎಣಿಸುವ ಮನಸ್ಸು ಕಾವಲಿನ ಚರಿತ್ರೆಯನ್ನು ಓದಿಲ್ಲ ಎಂದೇ ಹೇಳಬೇಕು. ಹುಲ್ಲು, ದನ, ಕಾಯುವವನ ಅರಿವು ಇವು ಮೂರೂ ಕೂಡಿದಾಗ ಮಾತ್ರ ತಳಿ ಉಳಿಯುತ್ತದೆ.

ಈಗ ನಾವು ನಿಂತಿರುವ ಈ ಶಾಗ್ಯದ, ಕೊಳ್ಳೇಗಾಲ, ಹನೂರು ಸೀಮೆಯ ಮಾತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿನ ಪ್ರಸ್ಥಭೂಮಿಯಿಂದ ಕಾವೇರಿಪುರದ ಘಟ್ಟ ಇಳಿದು ಬಯಲುಸೀಮೆ ಸೇರುವ ಹಳೆಯ ದಾರಿ ಈ ಸೀಮೆಯಲ್ಲೇ ಹಾಯುತ್ತಿತ್ತು. ಟಿಪ್ಪು ಮಡಿದ ಮರುವರ್ಷ ಫ್ರಾನ್ಸಿಸ್ ಬುಕಾನನ್ ಈ ನಾಡನ್ನು ಸುತ್ತಿ ಬರೆದ ವರದಿಯಲ್ಲಿ ಇಲ್ಲಿನ ದಾರಿ, ಬೆಳೆ, ದನಕರುಗಳ ವಿವರ ಬರುತ್ತದೆ. ಈ ಬೆಟ್ಟಗಳ ದನಕ್ಕೆ ಆಲಂಬಾಡಿ ತಳಿ ಎಂದು ಹೆಸರು. ಹೊಗೇನಕಲ್ಲಿಗೆ ಹತ್ತಿರದ ಕಾವೇರಿ ತೀರದ ಊರಿನಿಂದ ಬಂದ ಹೆಸರು ಅದು. ಬೂದು, ಕಡುಬೂದು ಬಣ್ಣದ, ಉಬ್ಬಿದ ಹಣೆಯ, ಕಲ್ಲುದಾರಿಯಲ್ಲೂ ಗಾಡಿ ಎಳೆಯುವ ಗಟ್ಟಿ ದನ. ಪಕ್ಕದ ಬರಗೂರು ಬೆಟ್ಟಗಳಲ್ಲಿ, ಇಂದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಸೀಮೆಯಲ್ಲಿ, ಕಂದುಮೈಯ ಮೇಲೆ ಬಿಳಿಮಚ್ಚೆಯ ಬರಗೂರು ದನವನ್ನು ಸಾಕಿ ಉಳಿಸಿದವರು ಕನ್ನಡ ಮಾತಾಡುವ ಲಿಂಗಾಯತರು. ಪಶುತಳಿ ತಜ್ಞರು ಹಳ್ಳಿಕಾರ್, ಅಮೃತಮಹಲ್, ಆಲಂಬಾಡಿ, ಬರಗೂರು ಇವೆಲ್ಲವನ್ನೂ ಮೈಸೂರು ಮಾದರಿ ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ.

ಅಮೃತಮಹಲಿಗೂ ಬೆಟ್ಟದ ದನಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಅಮೃತಮಹಲಿನ ಹಿಂದೆ ಅರಸರ ಹುಕುಂ ಇತ್ತು, ಇಲಾಖೆ ಇತ್ತು. ಆಲಂಬಾಡಿ, ಬರಗೂರು ದನಗಳನ್ನು ಕಾಡಂಚಿನ ಮನೆಗಳು ತಾವೇ ಬೆಳೆಸಿದವು. ಬೆಲ್ಜಿಯಂನ ಗಣಿ ಊರಿನ ಮನೆಯ ಗೂಡಿಗೂ ನಮ್ಮ ಕಾಡಿನ ದೊಡ್ಡಿಗೂ ಇರುವ ಹೋಲಿಕೆ ಇದೇ. ಅಲ್ಲಿಯ ಸರ್ಕಾರ ಆ ಗೂಡಿನ ಬಾಗಿಲಿಗೆ ಪದಕ ಹಿಡಿದು ಹೋಯಿತು. ನಮ್ಮ ದೊಡ್ಡಿಗೆ ಹೋದದ್ದು ಹೆಚ್ಚಾಗಿ ಮೇವಿನ ತೆರಿಗೆಯ ಚೀಟಿ.

ಆದರೂ ದನಗಾಹಿಯ ಹೆಸರನ್ನು ಉಳಿಸಿದ ಒಂದು ದಾಖಲೆ ನಮ್ಮಲ್ಲಿದೆ. ಅದು ಮಲೆ ಮಹದೇಶ್ವರನ ಜನಪದ ಮಹಾಕಾವ್ಯ. ಮಹದೇಶ್ವರನ ಭಕ್ತಗಾಯಕರಾದ ದೇವರಗುಡ್ಡರು ಕಂಸಾಳೆ ಎಂಬ ತಾಳ ಹಿಡಿದು ತಲೆಮಾರುಗಳಿಂದ ಹಾಡಿದ, 1973ರಲ್ಲಿ ಪಿ.ಕೆ. ರಾಜಶೇಖರ ಅವರ ಸಂಗ್ರಹವಾಗಿ ಅಚ್ಚಾದ ಆ ಕಾವ್ಯದಲ್ಲಿ ಆಲಂಬಾಡಿಯ ಜುಂಜೇಗೌಡ ಬರುತ್ತಾನೆ. ಮಾದಪ್ಪನಿಗೆ, ಅಂದರೆ ಮಹದೇಶ್ವರನಿಗೆ, ಗುಡಿ ಕಟ್ಟಿಸಿದವನೆಂದು ಈ ಸೀಮೆ ನೆನೆಯುವುದು ಅವನನ್ನೇ. ಸಿರಿವಂತ ಪಶುಪಾಲಕನೊಬ್ಬ ದೇವರ ಕತೆಯಲ್ಲಿ ಹೆಸರು ಹಿಡಿದು ಸ್ಥಾನ ಪಡೆದದ್ದು ಆಕಸ್ಮಿಕವಲ್ಲ. ದನ ಕಾಯುವವನು ದೊಡ್ಡವನು ಎಂಬ ತೀರ್ಪನ್ನು ಈ ನಾಡಿನ ಹಾಡುಗಾರರು ಗ್ಯಾಸೆಟಿಯರುಗಳಿಗಿಂತ ಮೊದಲೇ ಕೊಟ್ಟಿದ್ದರು.

ಇನ್ನು ಇಂದಿನ ಬಹುಮಾನಗಳ ವಿಚಾರ. ಮುಡುಕುತೊರೆ, ಚುಂಚನಕಟ್ಟೆ, ಘಾಟಿ ಸುಬ್ರಹ್ಮಣ್ಯದ ಜಾತ್ರೆಗಳಲ್ಲಿ ಉತ್ತಮ ರಾಸುಗಳಿಗೆ ಬಹುಮಾನ ಕೊಡುವ ಪದ್ಧತಿ ಇದೆ. ಹಲ್ಲಿನ ಲೆಕ್ಕದಲ್ಲಿ ವಿಭಾಗ ಮಾಡಿ, ಜೋಡೆತ್ತಿನ ಮೈಕಟ್ಟು ನೋಡಿ ತೀರ್ಪು ಕೊಡುತ್ತಾರೆ. ಕೇಂದ್ರ ಸರ್ಕಾರ 2021ರಿಂದ ರಾಷ್ಟ್ರೀಯ ಗೋಪಾಲ ರತ್ನ ಪ್ರಶಸ್ತಿ ಕೊಡುತ್ತಿದೆ. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ ತಳಿ ಸಂರಕ್ಷಣೆಗೆ ಪ್ರಶಸ್ತಿ ಇಟ್ಟಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಜಾತ್ರೆಯ ಬಹುಮಾನ ಅಂದು ಕಟ್ಟಿದ ಜೋಡಿಗೆ ಸಲ್ಲುತ್ತದೆ. ಕೊಂಡು ತಂದು ಮೇಯಿಸಿದವನಿಗೂ ಅದು ಸಿಗಬಹುದು. ಡೇರಿ ಪ್ರಶಸ್ತಿಗಳ ಕೇಂದ್ರದಲ್ಲಿ ಹಾಲು ಇರುತ್ತದೆ. ದುಡಿಮೆಗಾಗಿಯೇ ಬೆಳೆದ ಬೆಟ್ಟದ ದನ ಆ ತಕ್ಕಡಿಯಲ್ಲಿ ಹಗುರವಾಗಿ ಕಾಣುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಬೇಡಿಕೆಯೂ ಕುಗ್ಗಿದೆ.

ಪಾರಿವಾಳದ ಪದಕದಿಂದ ನಾವು ಕಲಿಯಬೇಕಾದ ಮೂರು ನಿಯಮಗಳಿವೆ. ಒಂದು, ಗೌರವ ವಂಶಕ್ಕೆ ಸಲ್ಲಬೇಕು: ತಾಯಿ, ಕರು, ಮೊಮ್ಮಗಳು ಎಂದು ಮೂರು ತಲೆಮಾರನ್ನು ಒಂದೇ ಮನೆಯಲ್ಲಿ ಉಳಿಸಿದವರನ್ನು ಗುರುತಿಸಬೇಕು. ಎರಡು, ಹೆಸರು ಕಾಯುವವರದಾಗಿರಬೇಕು. ದನದ ಯಜಮಾನನೊಬ್ಬ, ಕಾಯುವವನು ಇನ್ನೊಬ್ಬ, ಕರು ಸಾಕುವ ಹೆಂಗಸು ಮತ್ತೊಬ್ಬಳು ಎಂದಿರುವ ಕಡೆ ಮೂವರ ಹೆಸರೂ ಬರೆಯಬೇಕು. ಮೂರು, ಪದಕದ ಜೊತೆಗೆ ಆಸರೆಯೂ ಇರಬೇಕು. ಜರ್ಮನಿಯಲ್ಲಿ ಪದಕದ ಹಿಂದೆ ಹಕ್ಕಿಯನ್ನು ರಕ್ಷಿಸುವ ಕಾನೂನು ಇತ್ತು. ದನ ಕಾಯುವವನಿಗೆ ಬೇಕಾದ ಆಸರೆ ಮೇಯಿಸುವ ನೆಲ.

ಈ ಮೂರನೆಯ ನಿಯಮ ಈ ಸೀಮೆಯಲ್ಲಿ ಕಠಿಣವಾದದ್ದು ಎಂದು ನನಗೆ ಗೊತ್ತು. 2013ರಿಂದ ಮಲೆ ಮಹದೇಶ್ವರ ಬೆಟ್ಟ ವನ್ಯಜೀವಿಧಾಮವಾಗಿದೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ವಿಷ ಸೇರಿದ ಹಸುವಿನ ಕಳೇಬರ ತಿಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತವು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಬೆಟ್ಟದಲ್ಲಿ ನಡೆದ ಆ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದಾದ ಮೇಲೆ ಕಾಡಿನಲ್ಲಿ ದನ ಮೇಯಿಸುವುದರ ವಿರುದ್ಧ ಸರ್ಕಾರದ ಮಾತು ಬಿಗಿಯಾಯಿತು. ಕಾಡಿನ ಕಾಳಜಿ ನ್ಯಾಯವಾದದ್ದೇ. ಆದರೆ ಎಲ್ಲ ದನಗಾಹಿಗಳನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದರೆ ಹುಲಿಗೂ ಒಳಿತಾಗದು, ತಳಿಗೂ ಒಳಿತಾಗದು. ಕಾಡಂಚಿನ ಗೋಮಾಳಗಳ ಒತ್ತುವರಿ ತೆರವು ಮಾಡಿ ಹುಲ್ಲು ಬೆಳೆಸುವುದು, ಹುಲಿ ಹಿಡಿದ ದನಕ್ಕೆ ಪರಿಹಾರವನ್ನು ತಡಮಾಡದೆ ಕೊಡುವುದು, ತಳಿಯ ದನ ಸಾಕುವ ಮನೆಗಳ ಜೊತೆ ಅರಣ್ಯ ಇಲಾಖೆ ಕುಳಿತು ಮಾತಾಡುವುದು ಇವು ಆಗಬೇಕಾದ ಕೆಲಸಗಳು. ನಾಡು ಗೌರವದಿಂದ ಕಾಣುವ ದನಗಾಹಿ ಕಾಡಿನ ಕಾವಲಿಗೂ ನಿಲ್ಲುತ್ತಾನೆ ಎಂಬುದು ನನ್ನ ನಂಬಿಕೆ.

ಕೊನೆಯದಾಗಿ ಈ ಸಭೆಗೆ ಒಂದು ಕೋರಿಕೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಸ್ಥಳೀಯ ದನದ ತಳಿಗಳಿಗೂ ಅದರಲ್ಲಿ ಜಾಗವಿದೆ. ಶಾಗ್ಯದ ಮತ್ತು ಸುತ್ತಲಿನ ಪಂಚಾಯಿತಿಗಳ ಹಿರಿಯರು ಆ ದಾಖಲೆಯನ್ನು ತರಿಸಿ ನೋಡಲಿ. ಯಾವ ಮನೆಯಲ್ಲಿ ಯಾವ ರಾಸಿನ ವಂಶ ಉಳಿದಿದೆ, ಅದನ್ನು ಕಾದವರು ಯಾರು, ಅವರು ದನವನ್ನು ಹೇಗೆ ಆಯುತ್ತಾರೆ ಎಂಬುದನ್ನು ಶಾಲೆಯ ಮಕ್ಕಳು ಹಿರಿಯರನ್ನು ಕೇಳಿ, ಅವರ ಒಪ್ಪಿಗೆ ಪಡೆದು ಬರೆಯಲಿ. ಪದಕ ಟಂಕಿಸಲು ಸರ್ಕಾರ ಬೇಕು, ಹಣ ಬೇಕು. ಹೆಸರು ಬರೆಯಲು ಒಂದು ಗ್ರಾಮಸಭೆ ಸಾಕು. ಆ ಕೆಲಸವನ್ನು ಈ ವರ್ಷವೇ ಆರಂಭಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.